ಹೂಮಳೆ ಬಿದ್ದ ಮೇಲೆ ಪೂಲ್ ಕ್ಲೀನಿಂಗ್: ಕೆಮ್ಮಣ್ಣು, ಸ್ಯಾಂಡ್ ಫಿಲ್ಟರ್, ಹರಿದ ಗ್ಯಾಸ್ಕೆಟ್

ನಮಸ್ಕಾರ, ಬನ್ನಿ. ಸಕಲೇಶಪುರದ ಕಡೆಯ ಒಂದು ಹೋಮ್‌ಸ್ಟೇ ಪೂಲ್ ಇದು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ. ಅಂದ್ರೆ ಸುಮಾರು 38,000 ಲೀಟರ್ ನೀರು. ರಾತ್ರಿ ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಬೇಸಿಗೆ ಮಳೆ ಬಿದ್ದಿದೆ, ಮೇಲಿನ ತೋಟದ ಕೆಮ್ಮಣ್ಣೆಲ್ಲ ಹರ್ಕೊಂಡು ಬಂದು ಒಳಗೆ ಕೂತಿದೆ. ತಳ ನೋಡಿ, ಟೈಲ್ಸ್ ಗೆರೆನೇ ಕಾಣ್ತಿಲ್ಲ.

ಎಲೆ ತೆಗೆಯೋದು ಸ್ಕ್ರೀನ್ ಮೇಲೆ ಓಡ್ತಿದೆ, ಅದರಲ್ಲಿ ಹೇಳೋಕೇನಿಲ್ಲ. ಆದ್ರೆ ಒಂದು ಎಲೆಯೂ ಉಳಿಯದ ಹಾಗೆ ತೆಗೀರಿ. ಸಿಲ್ವರ್ ಓಕ್ ಎಲೆ ಹೋಸ್ ಒಳಗೆ ಅಡ್ಡ ಕೂತ್ರೆ ಎಳೆತ ನಿಂತೋಗುತ್ತೆ, ಆಮೇಲೆ ಇಡೀ ಹೋಸ್ ಬಿಚ್ಚಿ ಒದರಬೇಕು.

ಈಗ ಹೋಸ್‌ಗೆ ನೀರು ತುಂಬಿಸ್ತಿರೋದು. ತಳದ ಮಣ್ಣು ಎಳೆಯೋ ವ್ಯಾಕ್ಯೂಮ್ ಹೆಡ್ ನೀರಲ್ಲಿದೆ, ಹೋಸ್‌ನ ಇನ್ನೊಂದು ತುದಿ ರಿಟರ್ನ್ ಬಾಯಿಗೆ, ಅಂದ್ರೆ ಸೋಸಿದ ನೀರು ಪೂಲ್‌ಗೆ ವಾಪಸ್ ಬರೋ ತೂತಿಗೆ ಒತ್ತಿ ಹಿಡಿದಿದೆ. ಹೆಡ್ ಹತ್ರ ಗುಳ್ಳೆ ಬರೋದು ಪೂರ್ತಿ ನಿಲ್ಲೋ ತನಕ ಹಿಡೀಬೇಕು. ಅರ್ಧಕ್ಕೆ ಬಿಟ್ರೆ ಗಾಳಿ ನೇರ ಪಂಪ್‌ಗೆ ಹೋಗುತ್ತೆ, ಮೋಟಾರ್ ಬರಿದೇ ತಿರುಗುತ್ತೆ, ಪಂಪ್ ಸೋರದ ಹಾಗೆ ತಡೆಯೋ ಮೆಕ್ಯಾನಿಕಲ್ ಸೀಲ್ ಬಿಸಿಯಾಗಿ ಹಾಳಾಗುತ್ತೆ. ಗುಳ್ಳೆ ನಿಲ್ಲೋಕೆ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ತೋಟದ ಮಾತು: ಈ ಮಳೆಯಿಂದ ಕಾಫಿಯವರಿಗೆ ಸ್ಪ್ರಿಂಕ್ಲರ್ ಡೀಸೆಲ್ ಉಳೀತು. ಇನ್ನೊಂದು ವಾರ, ಹತ್ತು ದಿನದಲ್ಲಿ ಇಳಿಜಾರೆಲ್ಲ ಬೆಳ್ಳಗಾಗುತ್ತೆ, ಆ ವಾಸನೆಗೋಸ್ಕರಾನೇ ಈ ಕಡೆ ಬರೋರಿದ್ದಾರೆ. ಆದ್ರೆ ಹೂವಿನ ಮೇಲೆ ಮತ್ತೆ ಜೋರು ಮಳೆ... ಹಾಂ, ಗುಳ್ಳೆ ನಿಂತಿತು. ಹೋಸ್ ತುದಿ ಕೈಯಿಂದ ಮುಚ್ಕೊಂಡು ಗೋಡೆಯ ವ್ಯಾಕ್ಯೂಮ್ ಪಾಯಿಂಟ್‌ಗೆ ಹಾಕಿ. ಮೇಲಿನ ನೀರು ಎಳೆಯೋ ಸ್ಕಿಮ್ಮರ್, ತಳದ ನೀರು ಎಳೆಯೋ ಮೇನ್ ಡ್ರೈನ್, ಎರಡರ ವಾಲ್ವೂ ಬಂದ್.

ಈಗ ಮುಖ್ಯ ವಿಷಯ. ಫಿಲ್ಟರ್ ನೀರಿನ ದಾರಿ ಬದಲಿಸೋ ಮಲ್ಟಿಪೋರ್ಟ್ ವಾಲ್ವ್‌ನ ಹ್ಯಾಂಡಲ್ 'ವೇಸ್ಟ್'ಗೆ ಇರಬೇಕು, 'ಫಿಲ್ಟರ್'ಗೆ ಅಲ್ಲ. ಸ್ಯಾಂಡ್ ಫಿಲ್ಟರ್ ಹಿಡಿಯೋದು ಹೆಚ್ಚುಕಡಿಮೆ 20ರಿಂದ 40 ಮೈಕ್ರಾನ್ ತನಕ (ಸಾವಿರ ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್). ಕೆಮ್ಮಣ್ಣಿನ ಜೇಡಿ ಅದಕ್ಕಿಂತ ತುಂಬ ನಯ. ಫಿಲ್ಟರ್ ಮೋಡ್‌ನಲ್ಲಿ ಎಳೆದ್ರೆ ಆ ಜೇಡಿ ಮರಳು ದಾಟಿ ರಿಟರ್ನ್‌ನಿಂದ ಹೊಗೆ ಥರ ವಾಪಸ್ ಬರುತ್ತೆ, ಬೆಳಗ್ಗೆ ಮತ್ತೆ ತಳದಲ್ಲೇ ಕೂತಿರುತ್ತೆ. ವೇಸ್ಟ್‌ಗೆ ಹಾಕಿದ್ರೆ ಮರಳನ್ನ ಮುಟ್ಟದೆ ನೇರ ಹೊರಗೆ. ಮಣ್ಣು ಅಂದ್ರೆ ವೇಸ್ಟ್, ಬೇರೆ ಮಾತಿಲ್ಲ.

ಮಾತಿಲ್ಲ ಅಂದೆ, ಆದ್ರೆ ನೀರಿನ ಲೆಕ್ಕ ಇದೆ. ಈ ಪಂಪ್ ಗಂಟೆಗೆ ಸುಮಾರು 12,000 ಲೀಟರ್ ಎಳೆಯುತ್ತೆ. ಹತ್ತು ನಿಮಿಷಕ್ಕೆ 2,000 ಲೀಟರ್, ಅಂದ್ರೆ ಈ ಪೂಲ್‌ನಲ್ಲಿ 6 ಸೆಂಟಿಮೀಟರ್ ಇಳಿತ. ಅದಕ್ಕೇ ಮೊದಲೇ ಅಂಚಿನವರೆಗೂ ತುಂಬಿಸಿದ್ದು. ಬೆಂಗಳೂರಿನ ಅಪಾರ್ಟ್‌ಮೆಂಟ್‌ನವರಿಗೆ ಈ ಉಪದೇಶ ಅಷ್ಟು ಸುಲಭವಾಗಿ ಮಾಡೋಕಾಗಲ್ಲ. 2024ರ ಬೇಸಿಗೆಯಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯೋ ನೀರು ಬಳಸಬಾರದು ಅಂತ ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತ್ತು. ನೀರಿಗೆ ಅಷ್ಟು ಬರ ಇದ್ದಾಗ ಹಿಂದಿನ ರಾತ್ರಿ ಪಟಿಕ ಹಾಕೋದೇ ಸರಿ. ಈ ಅಳತೆಗೆ ಒಂದೂವರೆ ಕೆಜಿ ಕರಗಿಸಿ ಹಾಕಿ, ಪಿಎಚ್ 7ರಿಂದ 7.5ರ ಒಳಗಿಟ್ಟು, ಮರಳು ಮುಟ್ಟದೆ ನೀರು ಸುತ್ತಿಸೋ 'ರೀಸರ್ಕ್ಯುಲೇಟ್'ನಲ್ಲಿ ಒಂದು ಗಂಟೆ ಬೆರೆಸಿ, ಮೋಟಾರ್ ನಿಲ್ಲಿಸಿ ಬೆಳಗಿನ ತನಕ ಬಿಡಿ. ಮಣ್ಣು ಹೆಪ್ಪಾಗಿ ಕೆಳಗೆ ಕೂರುತ್ತೆ, ವ್ಯಾಕ್ಯೂಮ್ ಬೇಗ ಮುಗಿಯುತ್ತೆ, ನೀರೂ ಕಮ್ಮಿ ಹೋಗುತ್ತೆ. ಆದ್ರೆ ಆಗಲೂ ವೇಸ್ಟ್‌ಗೇ. ಪಟಿಕದ ಹೆಪ್ಪು ಮರಳಿಗೆ ಹೋದ್ರೆ ಮರಳೇ ಗಟ್ಟಿ ಕಟ್ಟುತ್ತೆ.

ಹೆಡ್ ಎಷ್ಟು ನಿಧಾನ ಹೋಗ್ತಿದೆ ನೋಡಿ. ಕಸಬರಿಗೆ ಥರ ಗುಡಿಸಿದ್ರೆ ಮಣ್ಣು ಏಳುತ್ತೆ, ಎದ್ದ ಮಣ್ಣು ಮತ್ತೆ ಕೂರೋಕೆ ಗಂಟೆಗಟ್ಟಲೆ ಬೇಕು. ಕಮ್ಮಿ ಆಳದಿಂದ ಶುರು ಮಾಡಿ, ಒಂದು ಪಟ್ಟಿ ಇನ್ನೊಂದರ ಮೇಲೆ ಸ್ವಲ್ಪ ಬರೋ ಹಾಗೆ. ರೋಬೋ ಕ್ಲೀನರ್ ತಗೊಳ್ಳೋದು ದುಡ್ಡು ದಂಡ. ಸರಿ, ದಿನಾ ಬಳಕೆಯ ದೊಡ್ಡ ಪೂಲ್‌ಗೆ ಒಪ್ತೀನಿ. ಇಂಥ ಮಣ್ಣಿಗೆ ಬೇಡ, ಅದರ ಫಿಲ್ಟರ್ ತೊಳೆಯೋದೇ ಕೆಲಸ ಆಗುತ್ತೆ.

ವ್ಯಾಕ್ಯೂಮ್ ಮುಗೀತು. ಮೋಟಾರ್ ಆಫ್ ಮಾಡಿ ಹ್ಯಾಂಡಲ್ 'ಫಿಲ್ಟರ್'ಗೆ ತಂದಿದೆ, ಮತ್ತೆ ಮೋಟಾರ್ ಆನ್. ಈಗ ವೇಸ್ಟ್ ಪೈಪ್ ತುದಿ ಗಮನಿಸಿ. ನೀರು ಸಣ್ಣಗೆ ಹರೀತಾನೇ ಇದೆ, ಕಾಣ್ತಾ? ಫಿಲ್ಟರ್ ಮೋಡ್‌ನಲ್ಲಿ ಅಲ್ಲಿ ಒಂದು ಹನಿಯೂ ಬರಬಾರದು. ವಾಲ್ವ್ ಒಳಗಿನ ಸ್ಪೈಡರ್ ಗ್ಯಾಸ್ಕೆಟ್, ಅಂದ್ರೆ ದಾರಿಗಳನ್ನ ಬೇರೆ ಬೇರೆ ಇಡೋ ರಬ್ಬರ್ ಪಟ್ಟಿ ಹರಿದಿದೆ. ಇದು ತಾನಾಗೇ ಹರಿಯೋದು ಅಪರೂಪ. ಮೋಟಾರ್ ಓಡ್ತಿರುವಾಗ ಯಾರೋ ಹ್ಯಾಂಡಲ್ ತಿರುಗಿಸಿದ್ದಾರೆ. ಹ್ಯಾಂಡಲ್ ಒತ್ತಿದ ಕೂಡಲೇ ಒಳಗೆ ತಿರುಗೋ ಭಾಗ, ರೋಟರ್, ಮೇಲೇಳುತ್ತೆ, ಅದೇ ಕ್ಷಣಕ್ಕೆ ಪ್ರೆಶರ್‌ನಲ್ಲಿರೋ ನೀರು ರಬ್ಬರ್ ಪಟ್ಟಿಯನ್ನ ಅದು ಕೂತಿರೋ ಸಂದಿಯಿಂದ ಕಿತ್ತುಹಾಕುತ್ತೆ. ಪೂರ್ತಿ ಒತ್ತದೆ ತಿರುಗಿಸಿದ್ರೂ ಅಷ್ಟೇ, ರೋಟರ್ ಉಜ್ಜಿ ಉಜ್ಜಿ ರಬ್ಬರ್ ಸವೆಯುತ್ತೆ.

ನಷ್ಟ ಎಷ್ಟು? ಈ ಪೂಲ್‌ನಲ್ಲಿ ಮಟ್ಟ 1 ಸೆಂಟಿಮೀಟರ್ ಇಳಿದ್ರೆ 320 ಲೀಟರ್. ಬೋರ್‌ವೆಲ್ ಓಡಿಸಿ ತುಂಬ್ತಾನೇ ಇರ್ತಾರೆ, ಬಿಸಿಲಿಗೆ ಆರುತ್ತೆ ಅಂದ್ಕೋತಾರೆ, ಇಲ್ಲಾ ಪೂಲ್ ಬಿರುಕು ಬಿಟ್ಟಿದೆ ಅಂತ ಟೈಲ್ಸ್ ಒಡೆಯೋಕೆ ಹೊರಡ್ತಾರೆ. ಮೊದಲು ವೇಸ್ಟ್ ಪೈಪ್ ನೋಡಿ. ಇನ್ನು ಕೆಲವು ರಿಪೇರಿಯವರು ಇಡೀ ವಾಲ್ವ್ ಬದಲಾಯಿಸಿ ಅಂತಾರೆ. ಇದು ನನಗೆ ಸಿಟ್ಟು ಬರೋ ವಿಷಯ. ವಾಲ್ವ್ ಬಾಡಿ ಬಿರುಕು ಬಿಟ್ಟಿಲ್ಲ ಅಂದ್ರೆ ಗ್ಯಾಸ್ಕೆಟ್ ಒಂದೇ ಸಾಕು, ಬೆಲೆಯಲ್ಲಿ ವಾಲ್ವ್‌ಗೂ ಅದಕ್ಕೂ ಹೋಲಿಕೆಯೇ ಇಲ್ಲ. ಮೋಟಾರ್ ಆಫ್, ಪೈಪ್ ವಾಲ್ವ್‌ಗಳೆಲ್ಲ ಬಂದ್, ಪ್ರೆಶರ್ ಗೇಜ್ ಸೊನ್ನೆಗೆ ಬಂದ ಮೇಲೆ ಮುಚ್ಚಳಕ್ಕೂ ಬಾಡಿಗೂ ಸೇರಿಸಿ ಮಾರ್ಕರ್‌ನಿಂದ ಒಂದು ಗೆರೆ ಎಳೀರಿ. ಆ ಗೆರೆ ತಪ್ಪಿ ಕೂರಿಸಿದ್ರೆ 'ಫಿಲ್ಟರ್' ಅಂತ ಬರೆದಿರೋ ಜಾಗ ಇನ್ನೇನೋ ಆಗಿಬಿಡುತ್ತೆ. ಸ್ಕ್ರೂ ಬಿಚ್ಚಿ, ಹಳೆ ರಬ್ಬರ್ ಯಾವ ಮುಖ ಮೇಲಿದೆ ಅಂತ ಫೋಟೋ ತೆಗೆದಿಟ್ಟು, ಸಂದಿಯಲ್ಲಿರೋ ಹಳೆ ಅಂಟು, ಮರಳು ಪೂರ್ತಿ ಕೆರೆದು ತೆಗೀರಿ. ಒಂದೇ ಒಂದು ಮರಳಿನ ಕಣ ಉಳಿದ್ರೂ ಅಲ್ಲಿಂದ ಸೋರುತ್ತೆ. ಮುಚ್ಚಳದ ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ. ವ್ಯಾಸಲೀನ್, ಬೈಕ್ ಗ್ರೀಸ್ ಹಚ್ಚಿದ್ರೆ ರಬ್ಬರ್ ಉಬ್ಬುತ್ತೆ. ಸ್ಕ್ರೂಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗೀರಿ. ಹೊಸದು ಕೂತಾಯ್ತು, ಪೈಪ್ ತುದಿ ಒಣಗಿದೆ.

ಬ್ಯಾಕ್‌ವಾಶ್, ಅಂದ್ರೆ ನೀರನ್ನ ತಿರುಗಿ ಹರಿಸಿ ಮರಳು ತೊಳೆಯೋದು, ದಿನಾ ಮಾಡ್ಬೇಡಿ. ಸ್ವಲ್ಪ ಕೊಳೆ ಹಿಡಿದ ಮರಳೇ ಚೆನ್ನಾಗಿ ಸೋಸೋದು. ಮರಳು ತೊಳೆದ ಮೇಲಿನ ಗೇಜ್ ಅಂಕಿ ಫಿಲ್ಟರ್ ಟ್ಯಾಂಕ್ ಮೇಲೆ ಬರೆದಿಡಿ. ಅದಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ ಮಾಡಿ. ಹೊರಹೋಗೋ ನೀರು ಕಾಣೋ ಸೈಟ್ ಗ್ಲಾಸ್ ತಿಳಿಯಾಗೋ ತನಕ ಎರಡು ಮೂರು ನಿಮಿಷ, ಆಮೇಲೆ 'ರಿನ್ಸ್' ಒಂದು ನಿಮಿಷ. ರಿನ್ಸ್ ಬಿಟ್ರೆ ಸಡಿಲವಾದ ಕೊಳೆ ಪೂಲ್‌ಗೇ ಬರುತ್ತೆ. ಆ ನೀರನ್ನ ಹಳ್ಳಕ್ಕೆ, ಮೀನಿನ ಕೆರೆಗೆ ಬಿಡಬೇಡಿ, ಕ್ಲೋರಿನ್ ಇರುತ್ತೆ. ಇನ್ನು ಮರಳು ಅಂದ್ರೆ 0.5ರಿಂದ 1 ಮಿಲಿಮೀಟರ್ ಸಿಲಿಕಾ ಮರಳು. ಕಟ್ಟಡದ ಎಂ-ಸ್ಯಾಂಡ್ ತುಂಬಿಸೋರನ್ನ ನಂಬಬೇಡಿ, ಅದರ ಪುಡಿ ಪೂಲ್‌ಗೆ ಬರ್ತಾನೇ ಇರುತ್ತೆ. ಸರಿಯಾದ ಮರಳು ಹಾಕಿದ್ರೂ ಪೂಲ್ ತಳದಲ್ಲಿ ಮರಳು ಬೀಳ್ತಾನೇ ಇದ್ರೆ ಟ್ಯಾಂಕ್ ಒಳಗಿನ ಲ್ಯಾಟರಲ್, ಅಂದ್ರೆ ಮರಳು ತಡೆದು ನೀರು ಮಾತ್ರ ಬಿಡೋ ಸೀಳು ಪೈಪ್ ಮುರಿದಿದೆ.

ಕೊನೇ ಶಾಟ್, ಬೇಗ ಹೇಳ್ತೀನಿ. ಕ್ಲೋರಿನ್ 65 ಪರ್ಸೆಂಟ್ ಕ್ಯಾಲ್ಸಿಯಂ ಹೈಪೋ, ಈ ಪೂಲ್‌ಗೆ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಏರಿಸೋಕೆ 60 ಗ್ರಾಂ. ಮಳೆ ಆಗಿರೋದ್ರಿಂದ ಇವತ್ತು 180 ಗ್ರಾಂ, ಅದೂ ಬಿಸಿಲು ಇಳಿದ ಮೇಲೆ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಪುಡಿ. ಪುಡಿ ಮೇಲೆ ನೀರು ಯಾವತ್ತೂ ಹುಯ್ಯಬೇಡಿ. ಇನ್ನೊಂದು ಬಗೆಯ ಕ್ಲೋರಿನ್ ಆದ ಟಿಸಿಸಿಎ ಮಾತ್ರೆಗೆ ಬಳಸಿದ ಸೌಟು ಇದಕ್ಕೆ ಹಾಕಲೇಬೇಡಿ, ಎರಡೂ ಸೇರಿದ್ರೆ ಬೆಂಕಿ ಹತ್ತುತ್ತೆ. ಹಾಕಿದ ಮೇಲೆ ನೀರು ಕಂದು ಬಣ್ಣಕ್ಕೆ ತಿರುಗಿದ್ರೆ ಅದು ಬೋರ್‌ವೆಲ್ ನೀರಿನ ಕಬ್ಬಿಣ, ಪಾಚಿ ಅಲ್ಲ. ಮೋಟಾರ್ ರಾತ್ರಿ ಪೂರ್ತಿ ಓಡಲಿ, ಬೆಳಗ್ಗೆ ಗೇಜ್ ನೋಡಿ.