ನಗುವನು ಎಂಬ ಹೆಸರಿನ ಹುಡುಗ

ಕೇಳುಗರಿಗೆ ನಮಸ್ಕಾರ.

ಸಾಕಮ್ಮ ಎಂಬ ಹೆಸರು ಕಿವಿಗೆ ಬಿದ್ದರೆ, ಆ ಮನೆಯಲ್ಲಿ ಅದಕ್ಕೂ ಮುಂಚೆ ಎಷ್ಟು ಹೆಣ್ಣುಮಕ್ಕಳು ಹುಟ್ಟಿದ್ದರೋ ಎಂದು ನಾವು ಲೆಕ್ಕ ಹಾಕುತ್ತೇವೆ. ತಿಪ್ಪ ಎಂದರೆ, ಮೊದಲ ಕೂಸುಗಳು ಉಳಿಯದೆ, ಇದನ್ನಾದರೂ ಉಳಿಸಿಕೊಳ್ಳಲು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡ ತಾಯಿ ನೆನಪಾಗುತ್ತಾಳೆ. ಬಾಣಂತಿಕೋಣೆಯ ಸುದ್ದಿ ಹೆಸರಾಗಿ ಉಳಿಯುವ ಈ ರೂಢಿ ಹೀಬ್ರೂ ಬೈಬಲಿನಲ್ಲೂ ಬಹಳ ಕಾಣುತ್ತದೆ. ಇವತ್ತಿನ ಹೆಸರು ಇಸಾಕ, ಅಬ್ರಹಾಮ ಮತ್ತು ಸಾರಳ ಮಗ.

ಮೂಲದಲ್ಲಿ ಅದು ಯಿತ್ಸ್‌ಹಾಕ್. ನೀವೂ ಕೂತಲ್ಲೇ ಒಂದು ಸಲ ಅಂದುನೋಡಿ, ಆ ಹಕಾರ ಗಂಟಲಿನ ಆಳದಿಂದ ಬರಬೇಕು. ಗ್ರೀಕರಿಗೆ ಆ ಧ್ವನಿಯೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. ಕ್ರಿ.ಪೂ. 3ನೆಯ ಶತಮಾನದಲ್ಲಿ ಈ ಗ್ರಂಥ ಗ್ರೀಕಿಗೆ ಬರತೊಡಗಿದಾಗ ಹಕಾರ ದಾರಿಯಲ್ಲೇ ಬಿದ್ದುಹೋಯಿತು. ಯುರೋಪಿನ ಐಸಾಕನಲ್ಲಿ ಅದಿಲ್ಲ, ಕನ್ನಡ ಬೈಬಲಿನ ಇಸಾಕನಲ್ಲೂ ಇಲ್ಲ. ಅರಬ್ಬಿಯ ಇಸ್‌ಹಾಕ್ ಮಾತ್ರ ಅದನ್ನು ಜೋಪಾನ ಮಾಡಿಕೊಂಡಿದೆ.

ಅರ್ಥ? ತ್ಸ, ಹ, ಕ ಎಂಬ ಮೂರು ವ್ಯಂಜನಗಳ ಧಾತುವಿಗೆ ನಗು ಎಂದರ್ಥ. ಮುಂದೆ ಸೇರಿದ 'ಯಿ' ಎಂದರೆ ಅವನು. ಒಟ್ಟು 'ನಗುವನು'. ಈಗ ನಗುತ್ತಾನೆ ಎಂದೂ ಆಗಬಹುದು, ಮುಂದೆ ನಕ್ಕಾನು ಎಂದೂ ಆಗಬಹುದು. ನಮ್ಮ 'ನಗುವನು' ಎರಡನ್ನೂ ಹಿಡಿದುಕೊಳ್ಳುತ್ತದೆ. ಆದರೆ ನಗುವವನು ಯಾರು? ಇವನ ಅಣ್ಣ ಇಷ್ಮಾಯೇಲನ ಹೆಸರಿನಲ್ಲಿ ಕರ್ತೃಪದವಿದೆ: 'ದೇವರು ಕೇಳುತ್ತಾನೆ'. ಇಸಾಕನಲ್ಲಿ ಬರೀ ಕ್ರಿಯಾಪದ. ಹಿಂದೆ ಇಲ್ಲೂ ದೇವರ ಹೆಸರು ಸೇರಿತ್ತು, ಆಮೇಲೆ ಕಳಚಿತು ಎಂದು ಊಹಿಸುವ ವಿದ್ವಾಂಸರಿದ್ದಾರೆ. ಕಥೆಯಲ್ಲಂತೂ ನಕ್ಕವರು ಬೇರೆ.

ಮೊದಲು ನಕ್ಕವನು ಅಪ್ಪ. ಮಗ ಹುಟ್ಟುತ್ತಾನೆ ಎಂದು ದೇವರು ಹೇಳಿದಾಗ ಅಬ್ರಹಾಮ ಅಡ್ಡಬಿದ್ದು, ಮುಖ ನೆಲಕ್ಕಿಟ್ಟುಕೊಂಡೇ ನಕ್ಕ: 100 ವರ್ಷದವನಿಗೆ ಮಗುವೇ, 90ರ ಹೆಂಡತಿ ಸಾರಳು ಹೆರುವಳೇ? ಆಮೇಲೊಂದು ದಿನ, ಸುಡುಬಿಸಿಲಿನ ಹೊತ್ತು, ಹೆಬ್ರೋನಿನ ಹತ್ತಿರ ಮಮ್ರೆಯ ಮರಗಳ ಕೆಳಗೆ ಮೂವರು ಅತಿಥಿಗಳು ಬಂದರು. ಸಾರಳಿಗೆ ಮಗ ಹುಟ್ಟುತ್ತಾನೆ ಎಂಬ ಮಾತು ಮತ್ತೆ ಬಂತು. ಡೇರೆಯ ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತಿದ್ದ ಸಾರಳು ತನ್ನೊಳಗೇ ನಕ್ಕಳು. "ಸಾರಳು ನಕ್ಕದ್ದೇಕೆ?" ಎಂದು ದೇವರ ಪ್ರಶ್ನೆ ಬಂತು. ಹೆದರಿ, "ನಾನು ನಗಲಿಲ್ಲ" ಅಂದಳು. "ಇಲ್ಲ, ನಕ್ಕೆ" ಎಂಬ ಉತ್ತರ ಬಂತು. ಅಲ್ಲಿಗೆ ಮಾತು ನಿಂತಿತು. ದೇವರೂ ಮುದುಕಿಯೂ ನಕ್ಕೆ, ನಗಲಿಲ್ಲ ಎಂದು ವಾದಕ್ಕೆ ಬೀಳುವ ಇಂಥ ಪ್ರಸಂಗ ಧರ್ಮಗ್ರಂಥದಲ್ಲಿದೆ ಎನ್ನುವುದೇ ನನಗೆ ಪ್ರೀತಿ.

ಗಂಡ ಹೆಂಡತಿ ಇಬ್ಬರಿಗೂ ಮೂಲದಲ್ಲಿ ಒಂದೇ ಕ್ರಿಯಾಪದ. ಆದರೂ 11ನೆಯ ಶತಮಾನದ ಫ್ರಾನ್ಸಿನ ಯಹೂದಿ ವ್ಯಾಖ್ಯಾನಕಾರ ರಾಶಿ, ಅಬ್ರಹಾಮನದು ಸಂತೋಷದ ನಗೆ, ಸಾರಳದು ಕುಹಕದ ನಗೆ ಎಂದ. ನನಗೇನೋ ಇದು ಗಂಡನ ಪರ ವಕಾಲತ್ತು ಅನ್ನಿಸುತ್ತದೆ. ಕುರಾನಿನ ಹೂದ್ ಅಧ್ಯಾಯದಲ್ಲೂ ಆಕೆ ನಗುತ್ತಾಳೆ. ಮಗು ಹುಟ್ಟಿದ ಮೇಲೆ ಸಾರಳ ಮಾತೇ ಬೇರೆ: ದೇವರು ನನಗೆ ನಗೆ ಕೊಟ್ಟ, ಕೇಳಿದವರೆಲ್ಲ ನಗುತ್ತಾರೆ. ನನ್ನೊಡನೆ ನಗುತ್ತಾರೋ, ನನ್ನನ್ನು ನೋಡಿ ನಗುತ್ತಾರೋ, ಆ ಹೀಬ್ರೂ ವಾಕ್ಯ ಎರಡಕ್ಕೂ ಎಡೆಕೊಡುತ್ತದೆ.

ಹೆಸರು ಹೊತ್ತವರೆಲ್ಲ ನಗುಮುಖದವರೇನಲ್ಲ. 1642ರಲ್ಲಿ ಹುಟ್ಟಿದ ಐಸಾಕ್ ನ್ಯೂಟನ್ನನಿಗೆ ಇದು ತೀರಿಹೋದ ತಂದೆಯ ಹೆಸರು. ಸುಮಾರು ಐದು ವರ್ಷ ಅವನ ಕೈಕೆಳಗಿದ್ದ ಹಂಫ್ರಿ ನ್ಯೂಟನ್, ಆತ ನಕ್ಕದ್ದನ್ನು ಒಂದೇ ಸಲ ಕಂಡೆ ಎಂದು ಬರೆದಿಟ್ಟಿದ್ದಾನೆ.

ಬೈಬಲಿನ ಇಸಾಕನಿಗೂ ನಗುವ ಪುರಸೊತ್ತು ಕಡಿಮೆ. ದೇವರ ಆಜ್ಞೆಯಂತೆ ಅಪ್ಪ ತನ್ನನ್ನೇ ಬಲಿಕೊಡಲು ಕರೆದೊಯ್ಯುತ್ತಿದ್ದಾನೆ ಎಂದು ತಿಳಿಯದೆ, ಮೊರೀಯ ಬೆಟ್ಟಕ್ಕೆ ತಾನೇ ಸೌದೆ ಹೊತ್ತು, "ಬೆಂಕಿ ಇದೆ, ಸೌದೆ ಇದೆ, ಕುರಿ ಎಲ್ಲಪ್ಪಾ?" ಎಂದು ಕೇಳಿದವನು ಅವನು. ಅವನ ಹೆಸರಿನ ಕ್ರಿಯಾಪದ ಅವನಿಗೇ ಸಲ್ಲುವುದು ಒಂದು ಕಡೆ, ಬರಗಾಲಕ್ಕೆ ಗುಳೆ ಹೋಗಿ ಗೆರಾರಿನಲ್ಲಿದ್ದಾಗ. ಪ್ರಾಣಭಯದಿಂದ ಹೆಂಡತಿ ರೆಬೆಕ್ಕಳನ್ನು ತಂಗಿ ಎಂದು ಊರವರಿಗೆಲ್ಲ ಹೇಳಿಕೊಂಡಿದ್ದ. ಒಂದು ದಿನ ದೊರೆ ಅಬೀಮೆಲೆಕ ಕಿಟಕಿಯಿಂದ ನೋಡುತ್ತಾನೆ: ಇಸಾಕ ಆಕೆಯ ಜೊತೆ ನಗುತ್ತಿದ್ದಾನೆ, ಸರಸದ ನಗು. ದೊರೆ ಅವನನ್ನು ಕರೆಸಿ ಕೇಳಿದ: "ಈಕೆ ನಿನ್ನ ಹೆಂಡತಿಯಲ್ಲವೇನಯ್ಯಾ?"