ಅಕ್ರಿಲಿಕ್ ಬಣ್ಣಕ್ಕೆ ಏನು ಬೆರೆಸಬೇಕು, ಎಷ್ಟು ಬೆರೆಸಬೇಕು

ಮಡಿಕೇರಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಹೋಂಸ್ಟೇ ಗೋಡೆಗಳಿಗೆ ಚಿತ್ರ ಬರೆಯುವವರು, ದಸರಾ ಮಂಟಪಗಳಿಗೆ ಬಣ್ಣ ಹಚ್ಚುವ ಹುಡುಗರು, ಬಿಡುವಾದಾಗ ಕ್ಯಾನ್ವಾಸ್ ಮುಂದೆ ಕೂರುವ ಅಕ್ಕಂದಿರು, ನೀವೆಲ್ಲ ದಯವಿಟ್ಟು ಕಿವಿಗೊಡಬೇಕು. ಅಕ್ರಿಲಿಕ್ ಬಣ್ಣಕ್ಕೆ ಬೆರೆಸಲೆಂದು ಅಂಗಡಿಯಲ್ಲಿ ರಿಟಾರ್ಡರ್, ಫ್ಲೋ ಇಂಪ್ರೂವರ್ ಎಂಬ ಪುಟ್ಟ ಸೀಸೆಗಳು ಸಿಗುತ್ತವಲ್ಲ, ಅವುಗಳ ಬಗ್ಗೆ ನಾನು ಹೇಳುವುದು ಒಂದೇ ಮಾತು: ಅವುಗಳಲ್ಲಿ ಅಂಟು ಇಲ್ಲ.

ಟ್ಯೂಬಿನೊಳಗೆ ಮುಖ್ಯವಾಗಿ ಇರುವುದು ಮೂರು: ಬಣ್ಣದ ಪುಡಿ, ನೀರು, ಅಕ್ರಿಲಿಕ್ ಅಂಟು. ಈ ಅಂಟು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ನೀರು ಆರಿದಂತೆ ಕಣಗಳು ಒತ್ತಿಕೊಂಡು, ಒಂದರೊಳಗೊಂದು ಬೆಸೆದು, ತೆಳುವಾದ ಪೊರೆಯಾಗುತ್ತವೆ. ಹಸಿಯಿದ್ದಾಗ ಹಾಲಿನಂತಿದ್ದ ಅಂಟು ಒಣಗಿ ಪಾರದರ್ಶಕವಾಗುವುದರಿಂದಲೇ ಬಣ್ಣ ಒಣಗಿದ ಮೇಲೆ ತುಸು ಗಾಢವಾಗಿ ಕಾಣುತ್ತದೆ. ಗೋಡೆಗೆ ಬಣ್ಣವನ್ನು ಹಿಡಿದಿಡುವುದು ಆ ಪೊರೆ.

ರಿಟಾರ್ಡರ್ ಎಂಬುದು ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯ ದ್ರವ. ಅದು ನೀರು ಆರುವುದನ್ನು ತಡಮಾಡುತ್ತದೆ. ಫ್ಲೋ ಇಂಪ್ರೂವರ್ ಸಾಬೂನಿನ ಗುಣದ್ದು, ಕುಂಚ ಸಲೀಸಾಗಿ ಓಡುವಂತೆ ಮಾಡುತ್ತದೆ. ಎರಡೂ ಉಪಯುಕ್ತ. ಆದರೆ ಎರಡರಲ್ಲೂ ಅಂಟು ಇಲ್ಲ. ಹೆಚ್ಚಾದರೆ ಕಣಗಳ ನಡುವೆ ಸೇರಿಕೊಂಡು ಅವು ಬೆಸೆಯದಂತೆ ಅಡ್ಡ ನಿಲ್ಲುತ್ತವೆ. ಪಂದಿ ಕರಿಗೆ ಹುಳಿಗೆಂದು ಕಾಚಂಪುಳಿ ಬೇಕೇ ಬೇಕು, ಹಾಗೆಂದು ಯಾರೂ ಸೀಸೆಯನ್ನೇ ಬಗ್ಗಿಸುವುದಿಲ್ಲ.

ವಿರಾಜಪೇಟೆ ಕಡೆಯ ಒಂದು ಹೋಂಸ್ಟೇಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಬ್ಬ ಯುವ ಕಲಾವಿದ ಮಾರ್ಚ್ ತಿಂಗಳಲ್ಲಿ ಅಲ್ಲಿ ಕಾಫಿ ಹೂವಿನ ತೋಟದ ಚಿತ್ರ ಬರೆದಿದ್ದ. ಬಿಸಿಲಿಗೆ ಬಣ್ಣ ಬೇಗ ಒಣಗುತ್ತಿತ್ತು. ಆಕಾಶದ ನೀಲಿಯನ್ನು ಬಿಳಿಯೊಳಗೆ ಕರಗಿಸಲು ರಿಟಾರ್ಡರ್ ಬೆರೆಸಿದ, ಸೊಗಸಾಗಿ ಬಂತು. ಮಾಲೀಕರು ಖುಷಿಯಾಗಿ ಜಗಲಿಯ ಗೋಡೆಗೂ ಬರೆಯಪ್ಪ ಎಂದರು. ಆಗ ಜುಲೈ. ಹುಡುಗ ಅದೇ ಸೀಸೆ ತೆಗೆದ, ಇನ್ನೂ ನುಣುಪಾಗಲಿ ಎಂದು ಕೈ ಮುಂದೆ ಮಾಡಿಯೇ ಸುರಿದ. ಮೂರನೆಯ ದಿನ ನನಗೆ ಅವನ ಫೋನ್ ಬಂತು, “ಸಾರ್, ಬಣ್ಣ ಕೈಗೇ ಬರುತ್ತಿದೆ.” ಹೋಗಿ ನೋಡಿದರೆ, ಬೆರಳಿಟ್ಟಲ್ಲಿ ಬೆರಳಚ್ಚು ಉಳಿಯುತ್ತಿತ್ತು. ದೀಪಕ್ಕೆ ಬಂದ ಮಳೆಹುಳುಗಳು ಆಕಾಶದ ತುಂಬ ರೆಕ್ಕೆ ಸಮೇತ ಅಂಟಿದ್ದವು. ಎರಚಲು ಬಿದ್ದ ಕಡೆ ಜಿಗುಟಾದ ಕಂದು ಗೆರೆಗಳು ಇಳಿದಿದ್ದವು. ಬಣ್ಣದೊಳಗಿನ ಸಾಬೂನಿನಂಥ ಅಂಶ ನೀರಿನ ಜೊತೆ ಹೊರಬಂದಾಗ ಹೀಗಾಗುತ್ತದೆ. “ಮೇಲೆ ವಾರ್ನಿಷ್ ಹೊಡೆದುಬಿಡಲೇ?” ಎಂದ. ಖಂಡಿತ ಬೇಡ! ಒಳಗಿನ ತೇವ ಹೊರಬರಲು ಇದ್ದ ದಾರಿಯನ್ನೂ ಮುಚ್ಚಿದಂತಾಗುತ್ತದೆ. ಇಡೀ ಆಕಾಶವನ್ನು ಕೆರೆದು ತೆಗೆಸಿದೆ. ಮಳೆಗಾಲ ಮುಗಿದ ಮೇಲೆ, ಬಣ್ಣಕ್ಕೆ ಬೇರೇನೂ ಬೆರೆಸದೆ ಬರೆದ. ಈಗಲೂ ಗಟ್ಟಿಯಾಗಿದೆ.

ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ತುಂಬಿರುವಾಗ ಬಣ್ಣದ ನೀರು ಎಲ್ಲಿಗೆ ಹೋಗಬೇಕು? ಜುಲೈನಲ್ಲಿ ಕೊಡಗಿನ ಗಾಳಿಯೇ ರಿಟಾರ್ಡರ್. ಸೀಸೆಯದ್ದು ಬೇಕಿಲ್ಲ.

ಸಮಯ ಕಡಿಮೆಯಿದೆ. ಬಣ್ಣವನ್ನು ದಪ್ಪ ಮಾಡುವ ಜೆಲ್ ಮೀಡಿಯಂ ಬೇರೆ ಜಾತಿ, ಅದರಲ್ಲಿ ಅಂಟು ಇದೆ, ಧಾರಾಳವಾಗಿ ಬೆರೆಸಿ. ಬಣ್ಣವನ್ನು ತೀರಾ ತೆಳು ಮಾಡಬೇಕಾದರೂ ಬರೀ ನೀರು ಸುರಿಯದೆ ಅಂಟಿರುವ ದ್ರವ ಮೀಡಿಯಂ ಸೇರಿಸಿ. ಡಿಸೆಂಬರ್, ಜನವರಿಯ ಮುಂಜಾನೆ ಬಣ್ಣ ಹಚ್ಚಬೇಡಿ, 10 ಡಿಗ್ರಿಗಿಂತ ಕೆಳಗೆ ಕಣಗಳು ಸರಿಯಾಗಿ ಬೆಸೆಯುವುದಿಲ್ಲ, ಬಿಸಿಲೇರಲಿ. ರಿಟಾರ್ಡರ್ ಬೇಕೇ ಬೇಕೆಂದರೆ ಹತ್ತು ಪಾಲು ಬಣ್ಣಕ್ಕೆ ಒಂದು ಪಾಲು ದಾಟಬೇಡಿ. ಏಕೆಂದರೆ, ಮತ್ತೆ ಹೇಳುತ್ತೇನೆ, ಅದರಲ್ಲಿ ಅಂಟು ಇಲ್ಲ.

ಮಂಟಪದ ಹುಡುಗರೇ, ಬೇಗ ಒಣಗಬೇಕೆಂದರೆ ತೆಳುವಾಗಿ ಹಚ್ಚಿ, ಫ್ಯಾನ್ ಹಾಕಿ. ಏನನ್ನಾದರೂ ಬೆರೆಸುವುದಿದ್ದರೆ ಮೊದಲು ಹಲಗೆಯ ತುಂಡಿಗೆ ಬಳಿದು, ಮರುದಿನ ಉಗುರಿನಿಂದ ಕೆರೆದು ನೋಡಿ. ಎದ್ದು ಬಂದರೆ ಆ ಮಿಶ್ರಣವನ್ನು ಮಂಟಪಕ್ಕೆ ಹಚ್ಚಬೇಡಿ. ನಮಸ್ಕಾರ.