ಮನೆಯಲ್ಲೇ ಸಸ್ಯಾಹಾರಿ ಖಾವ್ ಸೋಯ್: ಮೀನಿನ ಸಾಸ್ ಇಲ್ಲದೆ ಥಾಯ್ ನೂಡಲ್ಸ್ ಸಾರು

[ದೃಶ್ಯ: ಬಟ್ಟಲಲ್ಲಿ ಕೇಸರಿ ಬಣ್ಣದ ಸಾರು, ಮೇಲೆ ಕರಿದ ನೂಡಲ್ಸ್]

ಇದು ಖಾವ್ ಸೋಯ್. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಕಡೆಯದು. ತೆಂಗಿನ ಹಾಲಿನ ಸಾರು, ಒಳಗೆ ಬೇಯಿಸಿದ ನೂಡಲ್ಸ್, ಮೇಲೆ ಅದೇ ನೂಡಲ್ಸ್ ಕರಿದದ್ದು. ಅಲ್ಲಿ ಹೆಚ್ಚಾಗಿ ಕೋಳಿ ಹಾಕುತ್ತಾರೆ. ಕೋಳಿ ಬಿಡುವುದು ಸುಲಭ. ತೊಡಕಿರುವುದು ಮೀನಿನ ಸಾಸ್ ಮತ್ತು ಸಿಗಡಿ ಪೇಸ್ಟ್‌ನಲ್ಲಿ. ಇವನ್ನು ತೆಗೆದು ಬದಲಿಗೆ ಏನೂ ಹಾಕದಿದ್ದರೆ, ಉಪ್ಪು ಎಷ್ಟು ಸುರಿದರೂ ಸಾರು ಸಪ್ಪೆಯೇ. ರೆಡಿಮೇಡ್ ಥಾಯ್ ಕರಿ ಪೇಸ್ಟ್‌ಗಳಲ್ಲೂ ಎಷ್ಟೋ ಸಲ ಸಿಗಡಿ ಇರುತ್ತದೆ, ಲೇಬಲ್ ಓದಿ.

ಆ ಸೀಮೆಯಲ್ಲೇ ಇದಕ್ಕೊಂದು ದಾರಿ ಇದೆ: ತುವಾ ನಾವ್. ಸೋಯಾ ಕಾಳು ಹುದುಗಿಸಿ, ಹಪ್ಪಳದಂತೆ ತಟ್ಟಿ ಒಣಗಿಸಿದ್ದು. ನಮ್ಮ ಅಂಗಡಿಗಳಲ್ಲಿ ಅದು ಸಿಗುವುದು ಕಷ್ಟ. ಹಾಗಾಗಿ ಆ ಕೆಲಸವನ್ನು ಸೋಯಾ ಸಾಸ್ ಮತ್ತು ಒಣ ಶಿಟಾಕೆ ಅಣಬೆಗೆ ವಹಿಸೋಣ.

[ದೃಶ್ಯ: ನೆನೆಯುತ್ತಿರುವ ಅಣಬೆ]

ಅಳತೆ ಇಬ್ಬರಿಗೆ. 4 ಒಣ ಶಿಟಾಕೆ, ಒಂದೂವರೆ ಕಪ್ ಬಿಸಿನೀರಲ್ಲಿ ಅರ್ಧ ಗಂಟೆ. ನೀರು ಚೆಲ್ಲಬೇಡಿ, ಸೋಸಿ ಇಟ್ಟುಕೊಳ್ಳಿ. ಅಣಬೆಯ ತೊಟ್ಟು ತೆಗೆದು ಹೆಚ್ಚಿ.

[ದೃಶ್ಯ: ಕಾವಲಿಯ ಮೇಲೆ ಈರುಳ್ಳಿ, ಬೆಳ್ಳುಳ್ಳಿ]

ಈಗ ಮಸಾಲೆ. 6 ಸಾಂಬಾರ್ ಈರುಳ್ಳಿ, 5 ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ ಎಣ್ಣೆಯಿಲ್ಲದೆ ಅಲ್ಲಲ್ಲಿ ಕಪ್ಪಾಗುವಷ್ಟು ಸುಡಿ. 5 ಬ್ಯಾಡಗಿ ಮೆಣಸಿನಕಾಯಿ ಬೀಜ ತೆಗೆದು 20 ನಿಮಿಷ ನೆನೆಸಿ. ಒಂದು ಚಮಚ ಧನಿಯ, ಒಂದು ಕಪ್ಪು ಏಲಕ್ಕಿಯ ಬೀಜ ಹುರಿದುಕೊಳ್ಳಿ. ಅರ್ಧ ಚಮಚ ಅರಿಸಿನ, ಒಂದು ಚಮಚ ಕರಿ ಪೌಡರ್, ನಾಲ್ಕು ಕೊತ್ತಂಬರಿ ಬೇರು ಸೇರಿಸಿ ನುಣ್ಣಗೆ ಅರೆಯಿರಿ. ಬೇರು ಇಲ್ಲದಿದ್ದರೆ ದಂಟಾದರೂ ಆಗಬಹುದು, ಎಲೆ ಮಾತ್ರ ಬೇಡ, ಬಣ್ಣ ಕೆಡುತ್ತದೆ. ಗರಂ ಮಸಾಲೆ ಹಾಕಿದರೆ ಕುರ್ಮಾ ಆಯಿತು ಅಂತಲೇ ಲೆಕ್ಕ.

[ದೃಶ್ಯ: ಬಾಣಲೆಯಲ್ಲಿ ತೆಂಗಿನ ಹಾಲು]

ಒಂದು ತೆಂಗಿನಕಾಯಿಯ ಗಟ್ಟಿ ಹಾಲು ಒಂದು ಕಪ್, ಎರಡನೇ ಹಾಲು ಒಂದು ಕಪ್ ತೆಗೆಯಿರಿ. ಅರ್ಧ ಕಪ್ ಗಟ್ಟಿ ಹಾಲನ್ನು ಕುದಿಸಿ, ಎಣ್ಣೆ ಬಿಡುವವರೆಗೆ. ಪ್ಯಾಕೆಟ್ ತೆಂಗಿನ ಹಾಲು ಹಲವು ಸಲ ಎಣ್ಣೆ ಬಿಡುವುದೇ ಇಲ್ಲ, ಒಡೆಯದಿರಲೆಂದು ಅದಕ್ಕೆ ಬೇರೆ ಪದಾರ್ಥ ಬೆರೆಸಿರುತ್ತಾರೆ. ಆಗ ಎರಡು ಚಮಚ ಎಣ್ಣೆ ನೀವೇ ಹಾಕಿ. ಆ ಎಣ್ಣೆಯಲ್ಲಿ ಮಸಾಲೆಯನ್ನು ಸಣ್ಣ ಉರಿಯಲ್ಲಿ 6ರಿಂದ 8 ನಿಮಿಷ ಬಾಡಿಸಿ. ಇಲ್ಲಿ ಅವಸರ ಮಾಡಿದರೆ ಹಸಿ ವಾಸನೆ ಕೊನೆಯವರೆಗೂ ಹೋಗುವುದಿಲ್ಲ.

ಎರಡನೇ ಹಾಲು, ಅಣಬೆ ನೀರು, ಅಣಬೆ, ಎರಡು ದೊಡ್ಡ ಚಮಚ ಲೈಟ್ ಸೋಯಾ ಸಾಸ್, ಎರಡು ಚಮಚ ಓಲೆ ಬೆಲ್ಲ (ತಾಳೆ ಬೆಲ್ಲ) ಹಾಕಿ 10 ನಿಮಿಷ ಕುದಿಸಿ. ಡಾರ್ಕ್ ಸೋಯಾ ಸುರಿದರೆ ಸಾರು ಕಪ್ಪಾಗುತ್ತದೆ. ನೀರು ಹಿಂಡಿ ಕರಿದ 150 ಗ್ರಾಂ ತೋಫು ಈಗ ಹಾಕಿ. ಉಳಿದ ಗಟ್ಟಿ ಹಾಲು ಕೊನೆಗೆ; ಗುಳ್ಳೆ ಏಳುತ್ತಿದ್ದಂತೆ ಒಲೆ ಆರಿಸಿ, ಜೋರಾಗಿ ಕುದಿಸಿದರೆ ಒಡೆದು ಗಟ್ಟಿಗಟ್ಟಿಯಾಗುತ್ತದೆ. ಉಪ್ಪು ತುಸು ಮುಂದೆಯೇ ಇರಲಿ, ನೂಡಲ್ಸ್ ಅದನ್ನು ನುಂಗುತ್ತದೆ.

[ದೃಶ್ಯ: ಕರಿಯುತ್ತಿರುವ ನೂಡಲ್ಸ್]

ಮೂಲದಲ್ಲಿ ಮೊಟ್ಟೆ ನೂಡಲ್ಸ್. ಬೇಡದವರು ಮೊಟ್ಟೆಯಿಲ್ಲದ ಗೋಧಿ ಅಥವಾ ಮೈದಾ ನೂಡಲ್ಸ್ 150 ಗ್ರಾಂ ತೆಗೆದುಕೊಳ್ಳಿ. ಬೇರೆ ಪಾತ್ರೆಯಲ್ಲೇ ಬೇಯಿಸಿ, ಸಾರಲ್ಲಿ ಬೇಯಿಸಿದರೆ ಗಂಜಿಯಾಗುತ್ತದೆ. ತಣ್ಣೀರಲ್ಲಿ ತೊಳೆದು, ಒಂದು ಹಿಡಿಯನ್ನು ಬಟ್ಟೆಯ ಮೇಲೆ ಚೆನ್ನಾಗಿ ಆರಿಸಿ ಕರಿಯಿರಿ. ಒದ್ದೆ ಇದ್ದರೆ ಎಣ್ಣೆ ಸಿಡಿಯುತ್ತದೆ.

[ದೃಶ್ಯ: ಬಡಿಸುವುದು]

ಬಟ್ಟಲಿಗೆ ನೂಡಲ್ಸ್, ಅದರ ಮೇಲೆ ಬಿಸಿ ಸಾರು. ಪಕ್ಕದಲ್ಲಿ ಹಸಿ ಸಾಂಬಾರ್ ಈರುಳ್ಳಿ, ಹುರಿದ ಮೆಣಸಿನ ಎಣ್ಣೆ, ನಿಂಬೆ ಹೋಳು. ಅಲ್ಲಿ ಸಾಸಿವೆ ಸೊಪ್ಪಿನ ಹುಳಿ ಉಪ್ಪಿನಕಾಯಿ ಇರಲೇಬೇಕು. ಉಪ್ಪು, ಸಕ್ಕರೆ, ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿದ ಎಲೆಕೋಸು ಅದರ ಹತ್ತಿರ ಬರುತ್ತದೆ. ನಿಂಬೆಯನ್ನು ಬಟ್ಟಲಲ್ಲೇ ಹಿಂಡಿ, ಕುದಿಯುವ ಸಾರಿಗಲ್ಲ. ಕರಿದ ನೂಡಲ್ಸ್ ತಿನ್ನಲು ಕೂತ ಮೇಲೆಯೇ ಇಡಿ, ಎರಡೇ ನಿಮಿಷಕ್ಕೆ ಮೆತ್ತಗಾಗುತ್ತದೆ.